ನಾಮಾವಳಿಯೂ ಗಣಕಯಂತ್ರವೂ

ವ್ಯವಹಾರಕ್ಕಾಗಿ ಇಟ್ಟುಕೊಂಡ ಹೆಸರನ್ನು ಕನ್ನಡ ವ್ಯಾಕರಣವು ಅಂಕಿತನಾಮವೆಂದು ಕರೆದು, ರೂಢನಾಮ ಅನ್ವರ್ಥನಾಮಗಳಿಂದ ಬೇರ್ಪಡಿಸಿದೆ. ತೊಟ್ಟಿಲಲ್ಲಿ ಕೂಗಿದ ಆ ಹೆಸರೇ ಮುಂದೆ ಶಾಲೆಯ ದಾಖಲಾತಿ ವಹಿಯನ್ನು ಸೇರುತ್ತದೆ. ಅಲ್ಲಿಂದ ಪ್ರಮಾಣಪತ್ರ, ನೌಕರಿ, ನಿವೃತ್ತಿವೇತನಗಳವರೆಗೂ ಮನುಷ್ಯನನ್ನು ಹಿಂಬಾಲಿಸುತ್ತದೆ. ಇಂತಹ ಹಳೆಯ ವಹಿಗಳನ್ನು ಗಣಕಯಂತ್ರಕ್ಕೆ ಏರಿಸುವ ಕಾರ್ಯವು ಸ್ತುತ್ಯವೇ ಸರಿ. ಆದರೆ ಹೆಸರನ್ನು ಯಂತ್ರದ ಅಳತೆಗೆ ಕತ್ತರಿಸುವುದು ಮಾತ್ರ ಸಲ್ಲದು.

ಯಂತ್ರದ ನಮೂನೆಗಳು ಬಹುಮಟ್ಟಿಗೆ ಪಾಶ್ಚಾತ್ಯರ ವಾಡಿಕೆಯನ್ನು ಅನುಸರಿಸಿ ಮೊದಲ ಹೆಸರು, ಕೊನೆಯ ಹೆಸರು ಎಂಬ ಎರಡು ಅಂಕಣಗಳನ್ನು ಮುಂದಿಡುತ್ತವೆ. ಕೊನೆಯದೇ ಮನೆತನದ್ದೆಂದು ಭಾವಿಸುತ್ತವೆ. ಕನ್ನಡನಾಡಿನಲ್ಲಿ ಈ ಭಾವನೆಯು ನಿಲ್ಲದು. ವಚನಪಿತಾಮಹ ಫ. ಗು. ಹಳಕಟ್ಟಿಯವರ (1880-1964) ಹೆಸರಿನಲ್ಲಿ ಫಕೀರಪ್ಪ ಎಂಬುದು ಸ್ವಂತದ್ದು, ಗುರುಬಸಪ್ಪ ಎಂಬುದು ತಂದೆಯದು, ಹಳಕಟ್ಟಿ ಎಂಬುದು ಮನೆತನದ್ದು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರ (1904-1994) ಹೆಸರಿನಲ್ಲಾದರೋ ಮೊದಲು ಊರು, ಬಳಿಕ ತಂದೆ, ಕಡೆಯಲ್ಲಿ ಸ್ವಂತ ಹೆಸರು. ಇಬ್ಬರಿಗೂ ಒಂದೇ ವಿಧಿಯನ್ನು ಹೊರಿಸಿದರೆ ಪುಟ್ಟಪ್ಪ ಎಂಬುದು ಮನೆತನವಾಗಿ, ಕುಪ್ಪಳಿಯೆಂಬ ಊರೇ ಮನುಷ್ಯನಾಗುತ್ತದೆ! ಒಂದೇ ಪದದ ಹೆಸರುಳ್ಳವರ ಪಾಡು ಇನ್ನೂ ಕಷ್ಟ. ಖಾಲಿ ಅಂಕಣವನ್ನು ಯಂತ್ರವು ಒಪ್ಪದಿದ್ದಾಗ ಬರೆಯುವವರು ಚುಕ್ಕಿಯನ್ನೋ ತಂದೆಯ ಹೆಸರನ್ನೋ ತುಂಬುತ್ತಾರೆ. ಆ ತೇಪೆಯೇ ಮುಂದೆ ಹೆಸರಾಗಿ ಉಳಿಯುತ್ತದೆ.

ಅನುಕ್ರಮದ ವಿಚಾರವೂ ಹೀಗೆಯೇ. ಯೂನಿಕೋಡ್ ವ್ಯವಸ್ಥೆಯಲ್ಲಿ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯಿದ್ದು, ಳಕಾರವು ಲಕಾರದ ಬೆನ್ನಿಗೇ, ವಕಾರಕ್ಕೆ ಮುಂಚೆ ಬಂದಿದೆ. ಕನ್ನಡ ವರ್ಣಮಾಲೆಯಲ್ಲಿಯಾದರೋ ಅದು ಹಕಾರದ ನಂತರದ್ದು. ಆದಕಾರಣ ಕಲ್ಲಪ್ಪ, ಕಸ್ತೂರಿ, ಕಳಕಪ್ಪ ಎಂಬ ಕ್ರಮದಲ್ಲಿ ಬರಬೇಕಾದವರು ಬರಿಯ ಸಂಖ್ಯಾಕ್ರಮದಲ್ಲಿ ಕಲ್ಲಪ್ಪ, ಕಳಕಪ್ಪ, ಕಸ್ತೂರಿ ಎಂದು ನಿಲ್ಲುತ್ತಾರೆ. ಇನ್ನು ಹೆಸರನ್ನು ಇಂಗ್ಲಿಷ್ ಲಿಪಿಯಲ್ಲಿ ಮಾತ್ರ ಇಟ್ಟರೆ ಲಕಾರ ಳಕಾರಗಳ ಭೇದವೇ ಅಳಿದು, ಬಾಲಪ್ಪನೂ ಬಾಳಪ್ಪನೂ ಒಬ್ಬನೇ ಆಗುತ್ತಾನೆ.

ಯಂತ್ರಕ್ಕೊಂದು ಕಟ್ಟಳೆ ಬೇಡವೇ, ಸಾವಿರಾರು ಹೆಸರುಗಳಲ್ಲಿ ಒಬ್ಬರನ್ನು ಹುಡುಕುವುದೆಂತು ಎಂದು ಕೇಳಬಹುದು. ಕಟ್ಟಳೆ ಬೇಕು, ಅದು ಹೆಸರಿಗೆ ಸೇವಕನಾಗಿರಬೇಕು. ವಹಿಯಲ್ಲಿರುವಂತೆಯೇ ಪೂರ್ಣನಾಮವನ್ನು ಕನ್ನಡದಲ್ಲಿ ಒಂದೇ ಅಂಕಣದಲ್ಲಿರಿಸಲಿ. ಯಾವ ಪದದಿಂದ ಅನುಕ್ರಮ ಮಾಡಬೇಕೆಂಬುದನ್ನು ಹೆಸರಿನವರನ್ನೇ ಕೇಳಿ ಮತ್ತೊಂದರಲ್ಲಿ ಬರೆಯಲಿ. ಗುರುತಿಗೆ ದಾಖಲಾತಿ ಸಂಖ್ಯೆಯೂ ಜನ್ಮದಿನಾಂಕವೂ ಇದ್ದೇ ಇವೆ. ಕನ್ನಡ ವರ್ಣಕ್ರಮದ ನಿಯಮವನ್ನು ಯಂತ್ರಕ್ಕೆ ಬೇರೆಯಾಗಿ ತಿಳಿಸುವುದೂ ಸಾಧ್ಯವಿದೆ.

ವಿವಾಹಾನಂತರ ಹೆಸರು ಬದಲಾದ ಹಳೆಯ ವಿದ್ಯಾರ್ಥಿನಿಯೊಬ್ಬಳು ದಶಕಗಳ ಮೇಲೆ ತನ್ನ ವರ್ಗಾವಣೆ ಪತ್ರದ ಪ್ರತಿಗಾಗಿ ಬಂದು ನಿಂತಾಗ, ಅಂಥ ಹೆಸರೇ ಇಲ್ಲವೆಂದು ಯಂತ್ರವು ತಿಳಿಸಿದರೆ, ಆಕೆ ಆ ಶಾಲೆಯಲ್ಲಿ ಕಲಿತ ವರ್ಷಗಳೇ ಇಲ್ಲವಾದಂತೆ. ಹೊಸ ಹೆಸರನ್ನು ಸೇರಿಸಬೇಕು; ಹಳೆಯದನ್ನು ಅಳಿಸಬಾರದು.

ಆದುದರಿಂದ ಗುರುವೃಂದವು ಯಂತ್ರದ ಪ್ರತಿಯನ್ನು ಮೂಲ ವಹಿಯೊಡನೆ ಓದಿ ತಾಳೆ ನೋಡಲಿ. ಹಳೆಯ ವಿದ್ಯಾರ್ಥಿಗಳು ತಂತಮ್ಮ ಹೆಸರನ್ನು ತಾವೇ ಪರಿಶೀಲಿಸಲಿ. ಕಟ್ಟಡಗಳಿಗೆ ಉದಾರವಾಗಿ ನೀಡುವ ದಾನಿಗಳು ಜೀರ್ಣವಾಗುತ್ತಿರುವ ಈ ವಹಿಗಳ ರಕ್ಷಣೆಗೂ ಕೈ ನೀಡಲಿ. ಯಂತ್ರವು ತಪ್ಪಿದಾಗ ಸಾಕ್ಷಿ ನುಡಿಯಬೇಕಾದವು ಅವೇ.