ಜಗಳವೇ ಆಡದೆ ಸತ್ತ ಮೀನು

ಬೆಂಗಳೂರಿಂದ ಬರೋ ಬಸ್ಸು ಕೆ.ಬಿ. ಕ್ರಾಸಲ್ಲಿ ನಿಂತಾಗ ನನ್ನ ಕೈಲಿ ಲ್ಯಾಪ್‌ಟಾಪ್ ಬ್ಯಾಗಿನ ಜೊತೆ ಒಂದು ಥರ್ಮಾಕೋಲ್ ಡಬ್ಬ ಇತ್ತು. ಆಟೋದವರು "ಕೇಕಾ ಸಾರ್?" ಅಂದ್ರು. "ಮೀನು" ಅಂದೆ. "ಸಾರಿಗಾ?" ಅಂದ್ರು. ಅಲ್ಲ, ಸಾಕೋಕೆ, ಅದೂ ಸಮುದ್ರದ ಮೀನು ಅಂತ ವಿವರಿಸುವಷ್ಟರಲ್ಲಿ ಮನೆ ಬಂತು.

ವರ್ಕ್ ಫ್ರಂ ಹೋಮ್ ಅಂತ ಊರಿಗೆ ವಾಪಸ್ ಬಂದ ಮೇಲೆ ಹತ್ತಿಸಿಕೊಂಡ ಹುಚ್ಚು ಇದು. ಕೊಬ್ಬರಿ ಅಟ್ಟದ ಕೆಳಗಿನ ರೂಮಲ್ಲಿ ಮೂರಡಿ ಉದ್ದದ ಟ್ಯಾಂಕ್, 180 ಲೀಟರ್ ನೀರು. ಬೋರ್‌ವೆಲ್ ನೀರು ಆಗಲ್ಲ, ಆರ್‌ಓ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ಅಕ್ವೇರಿಯಂ ಉಪ್ಪು ಬೆರೆಸಬೇಕು. ಒಂದು ಸಲಕ್ಕೆ ಆರು ಕೆ.ಜಿ.ಗಿಂತ ಜಾಸ್ತಿ. ಅಮ್ಮ ಅದನ್ನ ನೋಡಿ "ಇಷ್ಟು ಉಪ್ಪಲ್ಲಿ ಎರಡು ವರ್ಷದ ಉಪ್ಪಿನಕಾಯಿ ಆಗೋದು" ಅಂದ್ಲು. ಸಾಂದ್ರತೆ 1.025, ಉಷ್ಣತೆ 26 ಡಿಗ್ರಿ, ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಎಲ್ಲವನ್ನೂ ಸ್ಪ್ರೆಡ್‌ಶೀಟಲ್ಲಿ ಬರೆದಿಡ್ತಿದ್ದೆ. ನೀರಿನ ವಿಷಯದಲ್ಲಿ ನಾನು ತಪ್ಪು ಮಾಡಲಿಲ್ಲ. ಮಾಡಿದ ತಪ್ಪೆಲ್ಲ ಯಾವ ಮೀನಿನ ಜೊತೆ ಯಾವ ಮೀನು ಅನ್ನೋದರಲ್ಲಿ.

ಮೊದಲ ತಪ್ಪು ಮೂರು ಡ್ಯಾಮ್ಸೆಲ್‌ಗಳು. ಬಿಳಿ ಮೈ, ಕಪ್ಪು ಪಟ್ಟೆ, ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡವು. ಅಗ್ಗ, ಗಟ್ಟಿ ಜೀವ. ಹೊಸ ಟ್ಯಾಂಕಿಗೆ ಮೊದಲು ಇವನ್ನೇ ಬಿಡಿ, ಸಾಯಲ್ಲ ಅಂದಿದ್ರು. ನಿಜ, ಸಾಯಲಿಲ್ಲ. ಆದರೆ ಮೊದಲು ಬಂದವರು ಇಡೀ ಟ್ಯಾಂಕನ್ನ ಪಹಣಿ ಸಮೇತ ತಮ್ಮ ಹೆಸರಿಗೆ ಮಾಡಿಕೊಂಡ್ರು. ಒಂದೊಂದು ಕಲ್ಲಿಗೂ ಒಬ್ಬೊಬ್ಬ ಯಜಮಾನ. ಆಮೇಲೆ ಬಂದ ಜೋಡಿ ಕ್ಲೌನ್‌ಫಿಶ್ ಹೇಗೋ ಬಚಾವಾಯ್ತು. ನೋಡೋಕೆ ಮುದ್ದಾಗಿದ್ರೂ ಅವೂ ಡ್ಯಾಮ್ಸೆಲ್ ಕುಟುಂಬದವೇ, ಕೊಟ್ಟಿದ್ದನ್ನ ವಾಪಸ್ ಕೊಡೋ ತಾಕತ್ತು ಇದೆ. ಫೈರ್‌ಫಿಶ್‌ಗೆ ಆ ತಾಕತ್ತು ಇಲ್ಲ. ಹೆದರಿದರೆ ಅದಕ್ಕೆ ಗೊತ್ತಿರೋದು ಎರಡೇ: ಬಿಲ ಸೇರೋದು, ಇಲ್ಲಾ ಹಾರೋದು. ಬಿಲಗಳೆಲ್ಲ ಬುಕ್ ಆಗಿದ್ದವು. ಐದನೇ ದಿನ ಬೆಳಿಗ್ಗೆ ಸ್ಟ್ಯಾಂಡ್-ಅಪ್ ಕಾಲ್ ಮಧ್ಯೆ ಚಾರ್ಜರ್ ಹುಡುಕೋಕೆ ಬಗ್ಗಿದರೆ ಸ್ಟೆಬಿಲೈಸರ್ ಹಿಂದೆ ಒಣಗಿ ಬಿದ್ದಿತ್ತು. ಟ್ಯಾಂಕಿಗೆ ಮುಚ್ಚಳ ಹಾಕಿರಲಿಲ್ಲ. ಮ್ಯೂಟ್ ಮಾಡಿಕೊಂಡು ಸುಮ್ಮನೆ ಕೂತೆ.

ಆ ಡಿಸೆಂಬರಲ್ಲಿ ಫ್ರೆಂಡ್ಸ್ ಜೊತೆ ಮುರ್ಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದ ಹತ್ತಿರ ಡೈವ್ ಮಾಡಿದೆ. ಅಲ್ಲೂ ಡ್ಯಾಮ್ಸೆಲ್ ಜಾತಿಯ ಮೀನುಗಳಿದ್ದವು, ಅಲ್ಲೂ ಅಟ್ಟಿಸಿಕೊಂಡು ಹೋಗ್ತಿದ್ದವು. ಆದರೆ ಅಟ್ಟಿಸಿಕೊಂಡ ಮೀನು ಹತ್ತಡಿ ಆಚೆ ಹೋದರೆ ಜಗಳ ಮುಗೀತು. ನಮ್ಮನೆ ಮೀನಿಗೆ ಹತ್ತಡಿ ಎಲ್ಲಿಂದ ತರೋದು? ಪಾಪ, ಡ್ಯಾಮ್ಸೆಲ್ ಅದರ ಪಾಡಿಗೆ ಸಮುದ್ರದಲ್ಲಿ ಮಾಡೋದನ್ನೇ ಮಾಡಿತ್ತು. ಗೋಡೆ ಕಟ್ಟಿದ್ದು ನಾನು.

ಊರಿಗೆ ಬಂದವನೇ ಅವನ್ನ ತೆಗೀಬೇಕು ಅಂತ ಹೊರಟೆ. ಕಲ್ಲು ಜೋಡಿಸಿದ ಟ್ಯಾಂಕಲ್ಲಿ ಡ್ಯಾಮ್ಸೆಲ್ ಹಿಡಿಯೋದು, ಅಟ್ಟದ ಮೇಲೆ ಇಲಿ ಹಿಡಿಯೋದು ಎರಡೂ ಒಂದೇ. ಬಲೆ ಕೆಲಸಕ್ಕೆ ಬರಲಿಲ್ಲ. ಕೊನೆಗೆ ನೀರಿನ ಬಾಟಲಿಯ ಕುತ್ತಿಗೆ ಕತ್ತರಿಸಿ, ತಿರುಗಿಸಿ ಒಳಗೆ ತುರುಕಿ, ತಳದಲ್ಲಿ ಆಹಾರ ಹಾಕಿ ಇಟ್ಟೆ. ಮೂರು ಹಿಡಿಯೋಕೆ ಒಂಬತ್ತು ದಿನ. ಪಕ್ಕದ ಮನೆಯವರು "ಕೆರೆಗೆ ಬಿಟ್ಬಿಡು ಮಾರಾಯ" ಅಂದ್ರು. ಉಪ್ಪುನೀರಿನ ಮೀನು ಸಿಹಿನೀರಲ್ಲಿ ಬದುಕಲ್ಲ, ಆ ಮಾತು ಬೇರೆ. ಬದುಕೋ ಮೀನಾದರೂ ಬಿಡಬಾರದು. 1952ರಲ್ಲಿ ಭಾರತಕ್ಕೆ ತಂದ ತಿಲಾಪಿಯಾ, ನಾವು ಜಿಲೇಬಿ ಅನ್ನೋದು, ಕೆರೆಗಳಲ್ಲಿ ಏನು ಮಾಡಿದೆ ಅಂತ ಗಾಳ ಹಾಕೋ ಹುಡುಗರನ್ನ ಕೇಳಿ. ಡ್ಯಾಮ್ಸೆಲ್‌ಗಳು ಬೆಂಗಳೂರಲ್ಲಿರೋ ಸಹೋದ್ಯೋಗಿಯ ಆರಡಿ ಟ್ಯಾಂಕ್ ಸೇರಿದವು.

ಇಲ್ಲಿಗೆ ಪಾಠ ಕಲಿತೆ ಅಂದುಕೊಂಡೆ. ಜಗಳಗಂಟ ಮೀನು ಬೇಡ, ಅಷ್ಟೇ ತಾನೆ? ಹಾಗಾಗಿ ಮುಂದೆ ತಂದಿದ್ದು ಒಂದು ಸಣ್ಣ ಸಿಕ್ಸ್‌ಲೈನ್ ರಾಸ್, ಆಮೇಲೆ ಒಂದು ಮ್ಯಾಂಡರಿನ್.

ಮ್ಯಾಂಡರಿನ್ ನೋಡಿಲ್ಲ ಅಂದ್ರೆ ಒಂದ್ಸಲ ಫೋಟೋ ಹುಡುಕಿ ನೋಡಿ. ನೀಲಿ ಮೇಲೆ ಕಿತ್ತಳೆ ಬಳ್ಳಿ, ಮೊಳಕಾಲ್ಮೂರು ಸೀರೆಗೂ ಆ ಬಣ್ಣ ಬರಲ್ಲ. ಪರಮ ಸಾಧು. ಮೈಮೇಲೆ ಹುರುಪೆ ಇಲ್ಲ, ಕಹಿ ಲೋಳೆ ಇದೆ, ಹಾಗಾಗಿ ಯಾರೂ ಅದರ ತಂಟೆಗೆ ಹೋಗಲ್ಲ. ಒಂದು ವಾರ ಟ್ಯಾಂಕ್ ಮುಂದೆ ಕೂತು ಕಾದೆ. ಅಟ್ಟಾಟ ಇಲ್ಲ, ರೆಕ್ಕೆ ಹರಿದಿಲ್ಲ. ಇಡೀ ದಿನ ಕಲ್ಲಿನ ಮೇಲೆ ಮೆಲ್ಲಗೆ ತೆವಳ್ತಾ, ನಿಂತು ನೋಡಿ, ಕುಟುಕಿ, ಮುಂದೆ ಹೋಗ್ತಿತ್ತು. ಸ್ಪ್ರೆಡ್‌ಶೀಟಲ್ಲಿ 'ಹೊಂದಾಣಿಕೆ: ಓಕೆ' ಅಂತ ಬರೆದೆ.

ಅಪ್ಪ ಮೊದಲ ದಿನವೇ ಕೇಳಿದ್ರು, "ಇದೇನು ತಿನ್ನುತ್ತೆ?"

"ಎಲ್ಲ ಒಂದೇ ಊಟ ಅಪ್ಪ, ಪೆಲೆಟ್" ಅಂದೆ.

ಮೂರನೇ ವಾರ ಪಕ್ಕದಿಂದ ನೋಡಿದಾಗ ಹೊಟ್ಟೆ ಒಳಕ್ಕೆ ಹೋಗಿತ್ತು. ಓದಿದ ಮೇಲೆ ಗೊತ್ತಾಯ್ತು, ಈ ಮೀನು ಪೆಲೆಟ್ ಮುಟ್ಟೋದೇ ಅಪರೂಪ. ಇದರ ಆಹಾರ ಕಲ್ಲಿನ ಮೇಲೆ ಹರಿದಾಡೋ ಕೋಪಿಪಾಡ್, ಕಣ್ಣಿಗೆ ಚುಕ್ಕಿಯಂತೆ ಕಾಣೋ ಜೀವಿ. ಹಳೇ ಟ್ಯಾಂಕಲ್ಲಿ, ಬೇಕಾದಷ್ಟು ಕಲ್ಲಿದ್ದರೆ ಅವು ತಾವೇ ಹೆಚ್ಚುತ್ತವೆ. ನನ್ನ ಟ್ಯಾಂಕಿಗೆ ಆಗ ನಾಲ್ಕೇ ತಿಂಗಳು. ಇದ್ದ ಅಷ್ಟಿಷ್ಟನ್ನೂ ಬೆಳಗಿಂದ ಸಂಜೆವರೆಗೆ ಮೇಯ್ತಿದ್ದದ್ದು ಯಾರು? ಅದೇ ರಾಸ್. ಅದಕ್ಕೂ ಕೋಪಿಪಾಡ್ ಅಂದ್ರೆ ಪ್ರಾಣ, ಜೊತೆಗೆ ಪೆಲೆಟ್ಟನ್ನೂ ತಿನ್ನುತ್ತೆ. ನಾನು ಎರಡರ ನಡುವೆ ಜಗಳ ಹುಡುಕ್ತಿದ್ದೆ. ತಟ್ಟೆ ಒಂದೇ ಇತ್ತು ಅಂತ ನೋಡಲಿಲ್ಲ.

ಆರ್ಟೀಮಿಯಾ ಮೊಟ್ಟೆ ತರಿಸಿ, ಉಪ್ಪುನೀರಿನ ಬಾಟಲಿಗೆ ಗಾಳಿ ಪಂಪು ಹಾಕಿ ಒಂದು ದಿನದಲ್ಲಿ ಮರಿ ಮಾಡಿಸಿ ಬಿಟ್ಟೆ. ಕ್ಲೌನು, ರಾಸು ಎರಡು ನಿಮಿಷದಲ್ಲಿ ಖಾಲಿ ಮಾಡಿದವು. ಮ್ಯಾಂಡರಿನ್ ಒಂದನ್ನ ನೋಡಿ, ಯೋಚನೆ ಮಾಡಿ, ಕುಟುಕೋ ಹೊತ್ತಿಗೆ ಪಂಕ್ತಿಯೇ ಎದ್ದಿರ್ತಿತ್ತು. ರಾಸ್ ಹಿಡಿಯೋಕೆ ಬಾಟಲಿ ಇಟ್ಟೆ, ಬೀಳಲಿಲ್ಲ. ಆರನೇ ವಾರದ ಒಂದು ರಾತ್ರಿ ಕರೆಂಟ್ ಹೋಗಿತ್ತು. ಮೊಬೈಲ್ ಟಾರ್ಚ್ ಬಿಟ್ಟು ನೋಡಿದರೆ ಮ್ಯಾಂಡರಿನ್ ಮರಳ ಮೇಲೆ ಒರಗಿತ್ತು, ಬಣ್ಣ ಒಂಚೂರೂ ಮಾಸಿರಲಿಲ್ಲ.

ಕ್ಲೌನ್‌ಫಿಶ್ಶನ್ನಾದರೂ ಮನುಷ್ಯರು ಮರಿ ಮಾಡಿಸಿ ಬೆಳೆಸ್ತಾರೆ, ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಮಂಡಪಂ ಕೇಂದ್ರದವರು ಅದನ್ನ ಮಾಡಿ ತೋರಿಸಿದ್ದಾರೆ. ಮಾರುಕಟ್ಟೆಗೆ ಬರೋ ಮ್ಯಾಂಡರಿನ್ ಹೆಚ್ಚಾಗಿ ಸಮುದ್ರದಿಂದಲೇ ಹಿಡಿದದ್ದು. ಯಾವುದೋ ಹವಳದ ದಿಬ್ಬದಿಂದ ತಿಪಟೂರು ತಾಲ್ಲೂಕಿನ ತನಕ ಬಂದು, ಆರು ವಾರ ಉಪವಾಸ ಬಿದ್ದು ಸತ್ತಿತು. ಈ ಲೆಕ್ಕ ನನಗೆ ಈಗಲೂ ಸಮ ಆಗಲ್ಲ.

ಅಪ್ಪನಿಗೆ ಹೇಳಿದೆ. ಬೈಯ್ಯಲಿಲ್ಲ. ಟ್ಯಾಂಕ್ ನೀರು ಬದಲಾಯಿಸಿದಾಗ ಬರೋ ಉಪ್ಪುನೀರನ್ನ ತೋಟಕ್ಕೆ ಹಾಕೋಣ್ವಾ, ತೆಂಗಿಗೆ ಉಪ್ಪು ಹಾಕ್ತಾರಲ್ಲ ಅಂತ ನಾನೇ ಹಿಂದೆ ಕೇಳಿದ್ದೆ. ಆಗ ಅವರು "ತೆಂಗು ತಡ್ಕೊಳ್ಳುತ್ತೆ ಕಣೋ, ಪಕ್ಕದಲ್ಲಿರೋ ಬಾಳೆ ತಡ್ಕೊಳ್ಳಲ್ಲ" ಅಂದಿದ್ರು. ಈ ಸಲ ಅದನ್ನ ನೆನಪಿಸಲೂ ಇಲ್ಲ, ಸುಮ್ಮನೆ ಕಾಯಿ ಸುಲಿಯೋಕೆ ಕೂತರು.

ಈಗ ಟ್ಯಾಂಕಲ್ಲಿ ಎರಡು ಕ್ಲೌನು, ಆ ಒಂದು ರಾಸು. ಸ್ಪ್ರೆಡ್‌ಶೀಟಿಗೆ ಒಂದು ಕಾಲಂ ಜಾಸ್ತಿಯಾಗಿದೆ. ಹೋದ ವಾರ ಅಂಗಡಿಯವರು ವಾಟ್ಸಾಪಲ್ಲಿ ಹೊಸ ಸ್ಟಾಕ್ ಫೋಟೋ ಕಳಿಸಿದ್ರು. ಹಳದಿ ಬಣ್ಣದ್ದೊಂದು, ಚೆನ್ನಾಗಿತ್ತು.

"ಇದೇನು ತಿನ್ನುತ್ತೆ?" ಅಂತ ಟೈಪ್ ಮಾಡಿದೆ.

"ಎಲ್ಲಾ ತಿನ್ನುತ್ತೆ ಸರ್" ಅಂತ ಉತ್ತರ ಬಂತು. ಇನ್ನೂ ಆರ್ಡರ್ ಮಾಡಿಲ್ಲ.