ಮನೆಯ ಮಾತೂ ಒಂದು ಮದ್ದು

ಕಾಲೇಜಿನಲ್ಲಿ ಚುರುಕಾಗಿದ್ದ ಹುಡುಗ ಕೆಲವು ತಿಂಗಳುಗಳಿಂದ ಕೋಣೆ ಬಿಟ್ಟು ಹೊರಬರುತ್ತಿಲ್ಲ. ಸ್ನಾನ, ಊಟಗಳ ಮೇಲೆ ಗಮನವಿಲ್ಲ. ರಾತ್ರಿಯೆಲ್ಲ ಎಚ್ಚರವಾಗಿದ್ದು ತನ್ನಷ್ಟಕ್ಕೆ ತಾನೇ ಮಾತನಾಡಿಕೊಳ್ಳುತ್ತಾನೆ. ಒಂದು ದಿನ, “ಅಮ್ಮಾ, ಪಕ್ಕದ ಮನೆಯವರು ಗೋಡೆಯಾಚೆಯಿಂದ ನನ್ನನ್ನು ಬೈಯುತ್ತಿದ್ದಾರೆ, ನಿನಗೆ ಕೇಳಿಸುತ್ತಿಲ್ಲವೇ?” ಎಂದು ಕೇಳುತ್ತಾನೆ. ತಾಯಿಗೆ ಏನೂ ಕೇಳಿಸದು. ಆಕೆ ಏನೆನ್ನಬೇಕು?

“ಹುಚ್ಚನಂತೆ ಆಡಬೇಡ” ಎಂದು ಗದರಿದರೆ ಬಾಗಿಲು ಮತ್ತೆ ಮುಚ್ಚಿಕೊಳ್ಳುತ್ತದೆ. “ಹೌದಪ್ಪ, ನನಗೂ ಕೇಳಿಸುತ್ತಿದೆ” ಎಂದರೆ ಭ್ರಮೆಗೆ ಬಲ ಬರುತ್ತದೆ. “ನನಗೆ ಕೇಳಿಸುತ್ತಿಲ್ಲ ಮಗು, ಆದರೆ ನಿನಗೆ ಎಷ್ಟು ಭಯವಾಗಿದೆಯೆಂದು ತಿಳಿಯುತ್ತಿದೆ. ಡಾಕ್ಟರ ಬಳಿ ಹೋಗಿ ಬರೋಣ, ನಾನೂ ಜೊತೆಗಿರುತ್ತೇನೆ” ಎಂಬ ಮಾತಿನಲ್ಲಿ ಸತ್ಯವೂ ಉಂಟು, ಮಮತೆಯೂ ಉಂಟು.

ಈ ರೋಗಕ್ಕೆ ಸ್ಕಿಜೋಫ್ರೇನಿಯಾ ಎಂಬ ಹೆಸರನ್ನು ಕೊಟ್ಟವರು ಸ್ವಿಸ್ ವೈದ್ಯ ಯೂಜೆನ್ ಬ್ಲಾಯ್ಲರ್, 1908ರಲ್ಲಿ. ಕನ್ನಡದಲ್ಲಿ ಇದನ್ನು ಛಿದ್ರಮನಸ್ಕತೆ ಎನ್ನುವುದುಂಟು. ಒಬ್ಬನಲ್ಲಿ ಇಬ್ಬರು ವಾಸವಾಗಿರುವರೆಂದು ಇದರ ಅರ್ಥವಲ್ಲ. ಆಲೋಚನೆ, ಭಾವನೆ, ಅನುಭವಗಳ ಹೊಂದಾಣಿಕೆ ತಪ್ಪುತ್ತದೆ, ಅಷ್ಟೆ. ಪ್ರಪಂಚದಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಈ ರೋಗವಿದೆ. ಬಹುಮಟ್ಟಿಗೆ ತಾರುಣ್ಯದಲ್ಲೇ ಇದು ತಲೆದೋರುತ್ತದೆ. ವಂಶದಿಂದ ಬಂದ ಒಲವು, ಮಿದುಳಿನ ಕಾರ್ಯದಲ್ಲಿನ ವ್ಯತ್ಯಾಸ, ಬಾಳಿನ ಒತ್ತಡಗಳು ಕೂಡಿ ಇದಕ್ಕೆ ಕಾರಣವಾಗುತ್ತವೆ. ಇದು ಮಾಟವಲ್ಲ, ಗ್ರಹಚಾರವಲ್ಲ, ತಾಯಿ ಬೆಳೆಸಿದ ರೀತಿಯ ದೋಷವೂ ಅಲ್ಲ. “ಮದುವೆ ಮಾಡಿದರೆ ಎಲ್ಲವೂ ಸರಿಹೋದೀತು” ಎಂದು ರೋಗವನ್ನು ಮುಚ್ಚಿಟ್ಟು ಲಗ್ನ ನಿಶ್ಚಯಿಸುವುದು ಎರಡು ಜೀವಗಳಿಗೆ ಬಗೆಯುವ ಅನ್ಯಾಯ.

ಔಷಧವಿಲ್ಲದೆ ಬರಿಯ ಸಮಾಧಾನದ ಮಾತು ಸಾಲದು. 1952ರಲ್ಲಿ ಪ್ಯಾರಿಸ್ಸಿನ ವೈದ್ಯರು ಕ್ಲೋರ್‌ಪ್ರೊಮಜೀನ್ ಎಂಬ ಔಷಧದ ಗುಣವನ್ನು ಕಂಡ ಮೇಲೆ ಈ ರೋಗದ ಚಿಕಿತ್ಸೆಯ ದಾರಿಯೇ ಬದಲಾಯಿತು. ಅನಂತರ ಹಲವು ಔಷಧಗಳು ಬಂದಿವೆ. ದಿನವೂ ಮಾತ್ರೆ ನುಂಗಲಾಗದವರಿಗೆ ವಾರಗಳವರೆಗೆ ಕೆಲಸ ಮಾಡುವ ಚುಚ್ಚುಮದ್ದುಗಳಿವೆ. ಕೈನಡುಕ, ತೂಕಡಿಕೆ, ಮೈ ದಪ್ಪವಾಗುವುದು ಮುಂತಾದ ತೊಂದರೆಗಳು ಕಂಡರೆ ವೈದ್ಯರಿಗೆ ತಿಳಿಸಬೇಕು. ಗುಣವಾಯಿತೆಂದು ತಾವಾಗಿಯೇ ಔಷಧ ನಿಲ್ಲಿಸಿದವರಲ್ಲಿ ಅನೇಕರಿಗೆ ರೋಗ ಮರುಕಳಿಸುತ್ತದೆ.

ಮನೆಯವರ ಪಾತ್ರವನ್ನು ನಮ್ಮ ದೇಶದ ವೈದ್ಯರು ಬಹು ಹಿಂದೆಯೇ ಗುರುತಿಸಿದ್ದರು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ಆವರಣದಲ್ಲೇ ಡೇರೆಗಳನ್ನು ಹಾಕಿಸಿ, ರೋಗಿಗಳೊಡನೆ ಬಂಧುಗಳನ್ನೂ ಇರಿಸಿಕೊಂಡು, ರೋಗದ ಸ್ವರೂಪವನ್ನು ಅವರಿಗೆ ತಿಳಿಸಿಕೊಟ್ಟರು. ಅದೇ ದಶಕದ ಕೊನೆಯಲ್ಲಿ ಲಂಡನ್ನಿನ ಸಮಾಜಶಾಸ್ತ್ರಜ್ಞ ಜಾರ್ಜ್ ಬ್ರೌನ್ ಅವರು ಆಸ್ಪತ್ರೆಯಿಂದ ಮನೆಗೆ ಮರಳಿದ ರೋಗಿಗಳನ್ನು ಗಮನಿಸತೊಡಗಿದರು. ಸದಾ ದೂಷಣೆ, ಹಗೆತನ ಅಥವಾ ಉಸಿರುಗಟ್ಟಿಸುವಷ್ಟು ಕಾಳಜಿ ಇರುವ ಮನೆಗಳಲ್ಲಿ ರೋಗ ಮರುಕಳಿಸುವ ಸಂಭವ ಹೆಚ್ಚೆಂಬುದು ಈ ಬಗೆಯ ಅಧ್ಯಯನಗಳಿಂದ ತಿಳಿದುಬಂತು. ಅಂಥ ಮಾತು ರೋಗವನ್ನು ಹುಟ್ಟಿಸುವುದಿಲ್ಲ. ಗುಣವಾಗುತ್ತಿರುವವನ ಭಾರವನ್ನು ಹೆಚ್ಚಿಸುತ್ತದೆ.

ಆದುದರಿಂದ ಮಾತು ಚಿಕ್ಕದಾಗಿರಲಿ, ದನಿ ಮೆಲ್ಲಗಿರಲಿ. “ಸೋಮಾರಿ” ಎಂಬ ಪದ ಬೇಡ. ಉತ್ಸಾಹ ಬತ್ತುವುದೂ ಈ ರೋಗದ ಒಂದು ಲಕ್ಷಣ. ಅವನ ಕೈಲಾಗುವ ಕೆಲಸವನ್ನು ಅವನಿಗೇ ಬಿಡಬೇಕು. ಹಗಲಿರುಳು ಕಾಯುವ ತಾಯಿಗೂ ವಿಶ್ರಾಂತಿ ಬೇಕು. ಮನೆಯ ಉಳಿದವರು ಸರದಿಯ ಮೇಲೆ ಹೆಗಲು ಕೊಡಬೇಕು. ಪ್ರಾಣಾಪಾಯದ ಮಾತು ಬಂದರೆ ಒಡನೆಯೇ ಆಸ್ಪತ್ರೆಗೆ ಕರೆದೊಯ್ಯಬೇಕು. ಸಲಹೆಗೆ 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ಸೇವೆಯುಂಟು. ಅದರ ಸಂಖ್ಯೆ 14416.

ಎಲ್ಲರೂ ಒಂದೇ ಪ್ರಮಾಣದಲ್ಲಿ ಗುಣವಾಗುವುದಿಲ್ಲ. ಕೆಲವರು ಮೊದಲಿನಂತೆ ಉದ್ಯೋಗಕ್ಕೆ ಮರಳುತ್ತಾರೆ. ಕೆಲವರಿಗೆ ಬಾಳೆಲ್ಲ ಆಸರೆ ಬೇಕಾಗುತ್ತದೆ. ತಿಂಗಳುಗಳ ಮೇಲೆ ಒಂದು ಸಂಜೆ ಆ ಹುಡುಗ ತಾನಾಗಿಯೇ ಅಂಗಡಿಗೆ ಹೋಗಿ ಹಾಲು ತಂದಾನು. “ಇಷ್ಟು ದಿನ ಏಕೆ ತರಲಿಲ್ಲ?” ಎಂದು ಕೇಳಬಾರದು. ಆ ಹಾಲಿನಲ್ಲಿ ಕಾಫಿ ಮಾಡಿ ಅವನಿಗೂ ಒಂದು ಲೋಟ ಕೊಟ್ಟರೆ ಸಾಕು.