ಚೆಂಡೆಯ ಪೆಟ್ಟೂ ಗಣಕದ ಗೆರೆಯೂ

ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟಂದಿನಿಂದ ಪತ್ತನಾಜೆಗೆ ಗೆಜ್ಜೆ ಬಿಚ್ಚುವ ತನಕ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ನಡುವಣ ನಮ್ಮ ಪುಂಜಾಲಕಟ್ಟೆಯ ಆಸುಪಾಸಿನಲ್ಲಿ ಚೆಂಡೆಯ ಸದ್ದು ಅಪರೂಪದ್ದಲ್ಲ. ಆ ಸದ್ದನ್ನು ಮನೆಯ ಗಣಕಯಂತ್ರದಲ್ಲಿಯೇ ಹೆಣೆಯುವ ಸೌಕರ್ಯವೂ ಇಂದಿನ ವಿದ್ಯಾರ್ಥಿಗೆ ಒದಗಿದೆ. ಡಿಜಿಟಲ್ ಆಡಿಯೋ ವರ್ಕ್‌ಸ್ಟೇಷನ್ ಎಂಬ ಬಗೆಯ ತಂತ್ರಾಂಶಗಳಲ್ಲಿ ಕೆಲವು ಉಚಿತವಾಗಿಯೇ ದೊರೆಯುತ್ತವೆ. ಇದನ್ನು ನಾವು ಸಂತೋಷದಿಂದ ಸ್ವಾಗತಿಸುವೆವು. ಆದರೆ ಅವುಗಳಲ್ಲಿರುವ ಒಂದು ಗುಂಡಿಯ ವಿಷಯದಲ್ಲಿ ನಮಗೆ ತಕರಾರುಂಟು.

ಬೇರೆ ಬೇರೆ ಕಂಪೆನಿಗಳ ವಿದ್ಯುನ್ಮಾನ ವಾದ್ಯಗಳು ಒಂದರ ಭಾಷೆ ಇನ್ನೊಂದಕ್ಕೆ ತಿಳಿಯುವಂತಾಗಲೆಂದು ಅಮೆರಿಕದ ಡೇವ್ ಸ್ಮಿತ್, ಜಪಾನಿನ ಇಕುತಾರೊ ಕಾಕೆಹಾಶಿ ಮೊದಲಾದವರ ಪ್ರಯತ್ನದಿಂದ 1983ರಲ್ಲಿ ಬಳಕೆಗೆ ಬಂದ ಸಂಕೇತಪದ್ಧತಿಗೆ ಮಿಡಿ ಎಂದು ಹೆಸರು. ಮಿಡಿ ಕಡತದಲ್ಲಿ ಧ್ವನಿಯೇ ಇಲ್ಲವೆಂದರೆ ಹಲವರಿಗೆ ಆಶ್ಚರ್ಯವಾದೀತು. ಯಾವ ಸ್ವರ, ಯಾವ ಕ್ಷಣದಲ್ಲಿ, ಎಷ್ಟು ಬಿರುಸಿನಿಂದ ಎಂಬ ಅಂಕೆಗಳಷ್ಟೇ ಅಲ್ಲಿರುತ್ತವೆ. ಸ್ವರಕ್ಕೂ ಬಿರುಸಿಗೂ 0ಯಿಂದ 127ರವರೆಗಿನ ಅಂಕೆಗಳು. ಭಾಗವತರ ಪ್ರಸಂಗ ಪುಸ್ತಕವೂ ಇಂಥದೇ ಅಲ್ಲವೆ? ಪದ್ಯದ ನೆತ್ತಿಯ ಮೇಲೆ ರಾಗತಾಳಗಳ ಹೆಸರಿರುತ್ತದೆ. ಹಾಡುಗಾರಿಕೆ ಪುಸ್ತಕದಲ್ಲಿಲ್ಲ, ಭಾಗವತರ ಕಂಠದಲ್ಲಿದೆ. ವ್ಯತ್ಯಾಸವೇನೆಂದರೆ, ಬರೆಯದೆ ಉಳಿದುದನ್ನು ಭಾಗವತರು ಬಲ್ಲರು, ಗಣಕ ಅರಿಯದು.

ತಂತ್ರಾಂಶದ ತೆರೆಯಲ್ಲಿ ಕಾಲವು ಎಡದಿಂದ ಬಲಕ್ಕೆ ಹರಿಯುತ್ತದೆ. ಸ್ವರದ ಎತ್ತರ ಕೆಳಗಿನಿಂದ ಮೇಲಕ್ಕೆ. ಪ್ರತಿಯೊಂದು ಸ್ವರವೂ ಒಂದು ಪುಟ್ಟ ಪಟ್ಟಿ. ಅದನ್ನು ಹಿಂದೆ ಮುಂದೆ ಸರಿಸಬಹುದು, ಉದ್ದ ಗಿಡ್ಡ ಮಾಡಬಹುದು. ನಿಮಿಷಕ್ಕೆ 120 ಬಡಿತಗಳ ವೇಗವಿದ್ದು, ಪ್ರತಿ ಬಡಿತವನ್ನು 480 ಭಾಗ ಮಾಡಿದರೆ, ಒಂದು ಭಾಗವು ಒಂದು ಮಿಲಿಸೆಕೆಂಡಿಗಿಂತ ತುಸುವೇ ಹೆಚ್ಚು. ಅಳತೆಯ ಈ ಸೂಕ್ಷ್ಮತೆ ಮೆಚ್ಚತಕ್ಕದ್ದೇ. ಹೀಗಿರಲು 'ಕ್ವಾಂಟೈಸ್' ಎಂಬ ಗುಂಡಿಯನ್ನು ಒತ್ತಿದೊಡನೆ ಪಟ್ಟಿಗಳೆಲ್ಲವೂ ಹತ್ತಿರದ ಗೆರೆಗೆ ನೆಗೆದು ಸಾಲಾಗಿ ನಿಲ್ಲುತ್ತವೆ. ಬಡಿತವನ್ನು ನಾಲ್ಕು ಮಾಡಿದ ಗೆರೆಗಳಾದರೆ ಗೆರೆಗೆ ಗೆರೆಗೆ 125 ಮಿಲಿಸೆಕೆಂಡುಗಳ ಅಂತರ. ಒಂದು ಪೆಟ್ಟು ತನ್ನ ಸ್ಥಾನದಿಂದ 62 ಮಿಲಿಸೆಕೆಂಡಿನಷ್ಟು ದೂರ ತಳ್ಳಲ್ಪಡಬಹುದು.

ಅಷ್ಟು ಕಾಲದಲ್ಲಿ ಶಬ್ದವು ಸುಮಾರು 21 ಮೀಟರು ಸಾಗುತ್ತದೆ. ರಂಗಸ್ಥಳದಿಂದ ಅಷ್ಟು ದೂರ ಕುಳಿತ ಪ್ರೇಕ್ಷಕನಿಗೂ ಅದೇ ತಡವಿದೆಯಲ್ಲ, ಅವನಿಗೇನು ಕೊರತೆ ಎಂದು ಜಾಣ ವಿದ್ಯಾರ್ಥಿ ಕೇಳಿಯಾನು. ಅವನಿಗೆ ಎಲ್ಲ ಪೆಟ್ಟುಗಳೂ ಒಂದೇ ಪ್ರಮಾಣದಲ್ಲಿ ತಡವಾಗುವುದರಿಂದ ಪೆಟ್ಟು ಪೆಟ್ಟುಗಳ ನಡುವಣ ಅಂತರ ಕೆಡುವುದಿಲ್ಲ. ಗುಂಡಿಯು ಕೆಡಿಸುವುದು ಆ ಅಂತರವನ್ನೇ. ವೇಷಧಾರಿಯ ಹೆಜ್ಜೆಯನ್ನು ನೋಡುತ್ತ ನುಡಿಸುವ ಚೆಂಡೆಯವರು ಪೆಟ್ಟನ್ನು ಕೂದಲೆಳೆಯಷ್ಟು ತಡೆದು ಕೊಡುವುದುಂಟು, ಮುಂದಾಗಿ ಕೊಡುವುದೂ ಉಂಟು. ಏಳಕ್ಷರದ ತ್ರಿವುಡೆಯ ಗತಿ ಇರುವುದೇ ಅಲ್ಲಿ. ನಾಲ್ಕು ನಾಲ್ಕರ ಗೆರೆಗಳನ್ನು ಮೊದಲೇ ಹಾಕಿಟ್ಟುಕೊಂಡು ಕಾಯುವ ತೆರೆಗೆ ಏಳು ಅಕ್ಷರವೆಂಬುದನ್ನೇ ನಾವಾಗಿ ತಿಳಿಸಿಕೊಡಬೇಕು.

ಪ್ರಯೋಗಶಾಲೆಯಲ್ಲಿ ಲೋಲಕದ ಆವರ್ತಕಾಲವನ್ನು ಅಳೆದು, ಉತ್ತರ ಪುಸ್ತಕದಲ್ಲಿರುವ ಬೆಲೆಗೆ ಹೊಂದುವಂತೆ ಓದುಗಳನ್ನು ತಿದ್ದಿ ಬರೆಯುವ ವಿದ್ಯಾರ್ಥಿಗೆ ನಾವು ಅಂಕ ಕೊಡುವುದಿಲ್ಲ. ನುರಿತ ಕೈಯ ಪೆಟ್ಟುಗಳನ್ನು ಗೆರೆಗೆ ತಳ್ಳುವುದೂ ಅದೇ ಕೆಲಸ. ಅಳೆಯುವ ಮೊದಲೇ ಅಳತೆಯನ್ನು ಅಳಿಸಿದಂತಾಯಿತು.

ಸ್ವರದ ಮಾತೂ ಒಂದಿಷ್ಟುಂಟು. ಮಿಡಿಯ ಅಂಕೆಗಳು ಸಾಮಾನ್ಯವಾಗಿ ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿದ ಸ್ವರಗಳಿಗೆ ಹೊಂದಿಕೊಂಡಿವೆ. ಷಡ್ಜವು ಸೆಕೆಂಡಿಗೆ 240 ಕಂಪನಗಳದಾದರೆ, 5:4ರ ಅನುಪಾತದ ಅಂತರ ಗಾಂಧಾರ 300. ಸಮಪಾಲಿನದು ಸುಮಾರು 302.4. ಷಡ್ಜದ ಐದನೆಯ ಸಂವಾದಿಯೂ ಗಾಂಧಾರದ ನಾಲ್ಕನೆಯದೂ ಆಗ ಕೂಡಿಬರದೆ ಸೆಕೆಂಡಿಗೆ ಒಂಬತ್ತು ಹತ್ತು ವಿಸ್ಪಂದಗಳು ಹುಟ್ಟುತ್ತವೆ. ಆದರೆ ಹಾರ್ಮೋನಿಯಮ್ಮಿನ ಕಾಲದಿಂದಲೂ ಇರುವ ಈ ಜಗಳಕ್ಕೆ ಮಿಡಿಯೊಂದನ್ನೇ ದೂರುವುದು ನ್ಯಾಯವಲ್ಲ. ಪಿಚ್ ಬೆಂಡ್ ಸಂಕೇತದಿಂದ ತಾಳ್ಮೆಯುಳ್ಳವನು ಅದನ್ನು ಸರಿಪಡಿಸಿಕೊಳ್ಳಬಲ್ಲನು.

2020ರಲ್ಲಿ ಪ್ರಕಟವಾದ ಮಿಡಿ 2.0ರಲ್ಲಿ ಪೆಟ್ಟಿನ ಬಿರುಸಿಗೆ 128ರ ಬದಲು 65,536 ಮೆಟ್ಟಲುಗಳಿವೆ, ಇನ್ನೇಕೆ ಚಿಂತೆ ಎನ್ನುವವರಿದ್ದಾರೆ. ಸೂಕ್ಷ್ಮತೆಯ ಕೊರತೆ ಮೊದಲೂ ಇರಲಿಲ್ಲ. ಇದ್ದುದನ್ನು ಬಿಸುಡುವ ಆತುರವೇ ನಮ್ಮ ತಕರಾರು. ಕಲಿಯುವವನ ಬೆರಳು ಎಡವಿದ್ದರೆ ತಿದ್ದಲೇಬೇಕು. ಅನೇಕ ತಂತ್ರಾಂಶಗಳಲ್ಲಿ ಗೆರೆಯತ್ತ ಅರ್ಧದಷ್ಟು ಮಾತ್ರ ಸರಿಸುವ ಏರ್ಪಾಡೂ ಇದೆ, ಅದನ್ನು ಬಳಸಬಹುದು. ಎಡವಿದುದು ಯಾವುದು, ಬೇಕೆಂದೇ ಮಾಡಿದುದು ಯಾವುದು ಎಂಬುದನ್ನು ಮಾತ್ರ ಗುಂಡಿಯು ತೀರ್ಮಾನಿಸಲಾರದು.

ಅದನ್ನು ತೀರ್ಮಾನಿಸುವ ದಾರಿ ಕಾಲೇಜು ವಿದ್ಯಾರ್ಥಿಗಳ ಕೈಗೆ ಎಟುಕುವಂಥದೇ. ಒಂದೇ ಪದ್ಯಕ್ಕೆ ಮೂರು ಸಲ ನುಡಿಸಿದ ಚೆಂಡೆಯನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡು, ಅದೇ ತಂತ್ರಾಂಶದಲ್ಲಿ ತೆರೆದು, ಪ್ರತಿ ಪೆಟ್ಟಿನ ಕಾಲವನ್ನು ಓದಿ, ಗೆರೆಯಿಂದ ಅದೆಷ್ಟು ಸರಿದಿದೆಯೆಂದು ನಕ್ಷೆಯ ಹಾಳೆಯ ಮೇಲೆ ಗುರುತಿಸಲಿ. ಸರಿತವು ಮೂರು ಸಲವೂ ಮೂರು ಕಡೆಗಿದ್ದರೆ ಕೈತಪ್ಪಿರಬಹುದು. ಅದೇ ಅಕ್ಷರದಲ್ಲಿ, ಅದೇ ಕಡೆಗೆ, ಹೆಚ್ಚುಕಡಿಮೆ ಅಷ್ಟೇ ಸರಿದಿದ್ದರೆ ಅದನ್ನು ಮುಟ್ಟಕೂಡದು. ಮುದ್ರಿಸುವ ಮುನ್ನ ಚೆಂಡೆಯವರ ಒಪ್ಪಿಗೆ ಪಡೆಯತಕ್ಕದ್ದು. ಅದೂ ಆಟದ ಗಡಿಬಿಡಿಯಲ್ಲಲ್ಲ, ಹಗಲು ಅವರ ನಿದ್ದೆ ಮುಗಿದ ಮೇಲೆ.